ಬಂದೂಕಿನ ನಳಿಗೆಯಿಂದ ಹೊಮ್ಮಿದ ನಾದ

ಸಾವಿನ ಮನೆಯಲ್ಲಿ ಸಂಗೀತವೇ ಎಂದು ಹಿರಿಯರು ಗದರುವುದುಂಟು. ಒಲೆಯೇ ಹೊತ್ತದ ಮನೆಯ ಮುಂದೆ ತಂತಿ ಮೀಟುವುದು ಉಚಿತವೇ ಎಂಬ ಸಂಕೋಚ ಸಹಜವಾದುದೇ. ಆದರೆ ಮಧ್ಯ ಭಾರತದ ಮೈಹರ್ ಎಂಬ ಪುಟ್ಟ ಸಂಸ್ಥಾನದಲ್ಲಿ ನಡೆದ ಸಂಗತಿಯನ್ನು ಬಲ್ಲವರು ಈ ಪ್ರಶ್ನೆಗೆ ಅವಸರದ ಉತ್ತರ ಕೊಡಲಾರರು.

1918ರ ಇನ್‌ಫ್ಲುಯೆಂಜಾ ಮಹಾಮಾರಿಯು ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಮೈಹರಿನಲ್ಲಿಯೂ ಜಾಡ್ಯದಿಂದ ತಬ್ಬಲಿಗಳಾದ ಮಕ್ಕಳು ಉಳಿದರು. ರಾಜ ಬ್ರಿಜನಾಥ ಸಿಂಗರ ಆಸ್ಥಾನದಲ್ಲಿದ್ದ ಉಸ್ತಾದ್ ಅಲ್ಲಾವುದ್ದೀನ್ ಖಾನರು ಅಂಥ ಮಕ್ಕಳನ್ನು ಒಂದೆಡೆ ಕೂಡಿಸಿ, ಕೈಗೆ ವಾದ್ಯಗಳನ್ನಿತ್ತು, ಒಂದು ವಾದ್ಯವೃಂದವನ್ನೇ ಕಟ್ಟಿದರು. ಅದೇ ಮುಂದೆ ಮೈಹರ್ ಬ್ಯಾಂಡ್ ಎಂದು ಹೆಸರಾಯಿತು. ಅನ್ನ ವಸ್ತ್ರಗಳನ್ನು ಕೊಟ್ಟಲ್ಲಿಗೆ ತಮ್ಮ ಧರ್ಮ ಮುಗಿಯಿತೆಂದು ದಾನಿಗಳು ಭಾವಿಸುವುದೇ ಹೆಚ್ಚು. ಉಸ್ತಾದರು ಅಲ್ಲಿಗೆ ನಿಲ್ಲಲಿಲ್ಲ. ಅವರೇನೂ ಮೃದುಸ್ವಭಾವದವರಲ್ಲ, ಅವರ ಮುಂಗೋಪ ಶಿಷ್ಯರಿಗೆಲ್ಲ ಚಿರಪರಿಚಿತ. ಆದರೂ ಮನೆಯಲ್ಲಿ ತನ್ನವರೆಂಬುವರಿಲ್ಲದ ಮಗುವಿಗೆ, ಪಕ್ಕದವನ ತಾಳಕ್ಕಾಗಿ ಕಾಯುವ, ತನ್ನ ಸರದಿಗಾಗಿ ಇತರರು ಕಾಯುತ್ತಾರೆಂದು ತಿಳಿಯುವ ಅವಕಾಶವೊಂದು ಅಲ್ಲಿ ದೊರೆಯಿತು. ಇದನ್ನು ಸಾಂತ್ವನವೆಂದರೂ ಸರಿ, ಶಿಸ್ತೆಂದರೂ ಸರಿ.

ಈ ವೃಂದಕ್ಕೆಂದು ಉಸ್ತಾದರು ನಳತರಂಗವೆಂಬ ವಾದ್ಯವನ್ನು ರೂಪಿಸಿದರು. ಬಂದೂಕಿನ ನಳಿಗೆಗಳನ್ನು ಬೇರೆ ಬೇರೆ ಅಳತೆಗೆ ಕತ್ತರಿಸಿ, ಸಾಲಾಗಿ ಜೋಡಿಸಿ, ಕಡ್ಡಿಯಿಂದ ಬಡಿದು ಸ್ವರ ಹೊರಡಿಸುವ ವಾದ್ಯವಿದು. ಅಹಿಂಸೆಯನ್ನು ಕುರಿತು ಪ್ರವಚನ ಕೇಳಿ ಬೆಳೆದವರು ಈ ನಳಿಗೆಗಳ ಮುಂದೆ ಒಂದು ಕ್ಷಣ ನಿಲ್ಲದೆ ಹೋಗಲಾರರು.

ಇದೇ ಗುರುವಿನ ಬಳಿಗೆ 1938ರಲ್ಲಿ ರವಿಶಂಕರರು ವಿದ್ಯಾರ್ಥಿಯಾಗಿ ಬಂದರು. ಉಸ್ತಾದರ ಪುತ್ರ ಅಲಿ ಅಕ್ಬರ್ ಖಾನರು ಅವರ ಸಹಪಾಠಿ. ಕನ್ನಡಿಗರಾದ ಪಂಡಿತ ರಾಜೀವ ತಾರಾನಾಥರು ಸರೋದ್ ಕಲಿತದ್ದು ಈ ಅಲಿ ಅಕ್ಬರರಿಂದಲೇ.

ಮುಂದಿನ ವಿಪತ್ತು ಉಸ್ತಾದರ ಜನ್ಮಭೂಮಿಯಾದ ಪೂರ್ವ ಬಂಗಾಳದ್ದು. 1970ರ ನವೆಂಬರ್ 12ರ ರಾತ್ರಿ ಅಲ್ಲಿನ ಕರಾವಳಿಗೆ ಅಪ್ಪಳಿಸಿದ ಚಂಡಮಾರುತವೂ ಅದರೊಡನೆ ಉಕ್ಕಿದ ಸಮುದ್ರವೂ ಕನಿಷ್ಠ ಮೂರು ಲಕ್ಷ ಜನರನ್ನು ನುಂಗಿದವು. ಪಾಕಿಸ್ತಾನ ಸರ್ಕಾರದ ಪರಿಹಾರ ಕಾರ್ಯದ ವಿಳಂಬದಿಂದ ಜನ ರೊಚ್ಚಿಗೆದ್ದರು. ಮರುವರ್ಷ ಯುದ್ಧವೂ ಬಂದು ಸುಮಾರು ಒಂದು ಕೋಟಿ ನಿರಾಶ್ರಿತರು ಭಾರತಕ್ಕೆ ಬಂದರು. ರವಿಶಂಕರರ ಪೂರ್ವಜರ ಊರೂ ಅಲ್ಲಿಯದೇ. ಅವರು ತಮ್ಮ ಮಿತ್ರ ಜಾರ್ಜ್ ಹ್ಯಾರಿಸನ್ನರಲ್ಲಿ ಸಂಕಟ ತೋಡಿಕೊಂಡರು. 1971ರ ಆಗಸ್ಟ್ 1ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಒಂದೇ ದಿನ ಎರಡು ಕಛೇರಿಗಳು ನಡೆದವು. ಸುಮಾರು 40,000 ಜನ ಸೇರಿದ್ದರು. ಮೊದಲು ಕುಳಿತವರು ಮೈಹರಿನ ಇಬ್ಬರು ಶಿಷ್ಯರೇ. ಜೊತೆಗೆ ತಬಲಾದಲ್ಲಿ ಅಲ್ಲಾರಖಾ, ತಂಬೂರಿಯಲ್ಲಿ ಕಮಲಾ ಚಕ್ರವರ್ತಿ. ಶ್ರುತಿ ಕೂಡಿಸುತ್ತಿದ್ದುದನ್ನೇ ಕಛೇರಿಯೆಂದು ತಿಳಿದು ಜನ ಚಪ್ಪಾಳೆ ತಟ್ಟಿದರಂತೆ! ರವಿಶಂಕರರು ನಗುತ್ತಲೇ ತಿದ್ದಿದರು. ಧೂಮಪಾನ ಮಾಡಬೇಡಿರೆಂದೂ ಕೇಳಿಕೊಂಡರು. ಅರ್ಥವಾಗದ ರಾಗವನ್ನು, ನೋಡದ ನಾಡಿನ ಸಲುವಾಗಿ, ಆ ಜನ ಕುಳಿತು ಕೇಳಿದ್ದು ದೊಡ್ಡ ಮಾತು.

ಇನ್ನು ಲೆಕ್ಕದ ವಿಷಯ. ಟಿಕೆಟಿನಿಂದ ಬಂದ ಸುಮಾರು 2,43,000 ಡಾಲರ್ ಹಣ ಬೇಗನೆ ಯುನಿಸೆಫ್‌ಗೆ ಸಂದಾಯವಾಯಿತು. ಆದರೆ ಧ್ವನಿಮುದ್ರಿಕೆ ಮತ್ತು ಚಲನಚಿತ್ರಗಳಿಂದ ಬಂದ, ಅದಕ್ಕಿಂತ ಎಷ್ಟೋ ಪಾಲು ಹೆಚ್ಚಾದ ಹಣ ಅಮೆರಿಕದ ತೆರಿಗೆ ಇಲಾಖೆಯ ತಪಾಸಣೆಯಲ್ಲಿ ವರ್ಷಗಟ್ಟಲೆ ಸಿಲುಕಿತು. ಕಾರಣ ಸರಳ: ಕಛೇರಿಗೆ ಮುನ್ನವೇ ಸೇವಾಸಂಸ್ಥೆಯೊಡನೆ ವಿಧಿವತ್ತಾದ ಏರ್ಪಾಡು ಆಗಿರಲಿಲ್ಲ. ಉದ್ದೇಶದಲ್ಲಿ ಕಳಂಕವಿರಲಿಲ್ಲ, ಕಾಗದಪತ್ರದಲ್ಲಿ ಕೊರತೆಯಿತ್ತು. ವಹಿವಾಟು ಬಲ್ಲವರಿಗೆ ಇದು ಸಣ್ಣ ಸಂಗತಿಯಾಗಿ ಕಾಣದು. ದೇವಾಲಯದ ಹುಂಡಿಯ ಹಣಕ್ಕೆ ಚೀಟಿ ಹರಿಯುವವರಿಗಂತೂ ಕಾಣಲೇಬಾರದು. ಆ ಹಣ ಬಿಡುಗಡೆಯಾಗುವ ಎಷ್ಟೋ ಮೊದಲೇ, 1972ರಲ್ಲಿಯೇ, ನಿರಾಶ್ರಿತರಲ್ಲಿ ಬಹುಪಾಲು ಜನ ತಮ್ಮ ಊರುಗಳಿಗೆ ಮರಳಿದ್ದರು.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಅಲ್ಲಾವುದ್ದೀನ್ ಖಾನರು ಮೈಹರಿನಲ್ಲಿ ತೀರಿಕೊಂಡರು. ಅವರು ಕೈಹಿಡಿದು ಕಲಿಸಿದ ಆ ಮೊದಲ ತಬ್ಬಲಿಗಳಲ್ಲಿ ಈಗ ಯಾರೂ ಇಲ್ಲ. ವಾದ್ಯವೃಂದ ಇಂದಿಗೂ ಇದೆ, ಅದರೊಡನೆ ನಳತರಂಗವೂ.