ಅತ್ತೆಯ ಫೋನು ಸತ್ತಿದ್ದು ಯಾರಿಗೂ ಗೊತ್ತಾಗಲಿಲ್ಲ

ಮನೆಯ ಇಂಟರ್ನೆಟ್ ಪೆಟ್ಟಿಗೆ ಬದಲಾಯಿಸಿದ ದಿನ ನೀವು ಏನೇನು ಪರೀಕ್ಷಿಸುತ್ತೀರಿ ಸಹೋದರಿಯರೇ? ಮಹಡಿಗೆ ವೈಫೈ ಸಿಗುತ್ತದೆಯೇ, ಟಿ.ವಿ. ಓಡುತ್ತದೆಯೇ ಎಂದು ತಾನೇ? ನಾವೂ ಅಷ್ಟೇ ನೋಡಿದೆವು. ಅತ್ತೆಯ ಕೋಣೆಯ ಲ್ಯಾಂಡ್‌ಲೈನನ್ನು ಯಾರೂ ಎತ್ತಿ ನೋಡಲಿಲ್ಲ.

ನಾವಿರುವುದು ಬೆಂಗಳೂರಿನ ಬಿ.ಟಿ.ಎಂ. ಲೇಔಟ್ ಪಕ್ಕದ ಗುರಪ್ಪನಪಾಳ್ಯದಲ್ಲಿ. ಅತ್ತೆಗೆ 78 ವರ್ಷ, ಮೊಬೈಲ್ ಕೈಗೆ ಒಗ್ಗಲಿಲ್ಲ. ಅವರ ಲ್ಯಾಂಡ್‌ಲೈನ್ ನಂಬರು ಏಳಂಕಿಯ ಕಾಲದ್ದು. ಮುಂದೆ ಒಂದು 2 ಸೇರಿ ಎಂಟಂಕಿಯಾಯಿತು, ತಾಮ್ರದ ತಂತಿ ಹೋಗಿ ಫೈಬರ್ ಬಂತು, ನಂಬರು ಮಾತ್ರ ಉಳಿಯಿತು. ಶಿವಮೊಗ್ಗದ ನಾದಿನಿ ಅಸರ್ ನಮಾಝ್ ಮುಗಿಸಿ ಅದಕ್ಕೇ ಫೋನು ಮಾಡುವುದು.

ನಾಲ್ಕನೇ ದಿನ ಅವಳು ನನ್ನ ಮೊಬೈಲಿಗೆ ಫೋನು ಮಾಡಿ, "ಭಾಬಿ, ಅಮ್ಮಿಯ ಲೈನ್ ಯಾಕೆ ಸಿಗ್ತಾ ಇಲ್ಲ?" ಎಂದಳು. ಹೋಗಿ ರಿಸೀವರ್ ಎತ್ತಿದೆ. ಸದ್ದೇ ಇಲ್ಲ.

"ಅಮ್ಮಿ, ಹೇಳಬಾರದಿತ್ತೇ?"

"ಈ ಸಲ ಬಿಲ್ಲು ಜಾಸ್ತಿ ಬಂತು ಅಂತಿದ್ದೆಯಲ್ಲ ಬೇಟಿ. ನೀವೇ ತೆಗೆಸಿದಿರೇನೋ ಅಂದುಕೊಂಡೆ."

ನಾನು ಹೇಳಿದ್ದು ಕರೆಂಟ್ ಬಿಲ್ಲಿನ ಮಾತು! ಹಿಂದಿನ ದಿನ ಮನೆಯಲ್ಲಿ ಯಾರೂ ಇಲ್ಲದಾಗ ಅವರಿಗೆ ತಲೆ ಸುತ್ತಿತ್ತಂತೆ. ರಿಸೀವರ್ ಎತ್ತಿ, ಮತ್ತೆ ಇಟ್ಟು, ಸಕ್ಕರೆ ನೀರು ಕುಡಿದು ಮಲಗಿದ್ದರಂತೆ. ಅದನ್ನು ಕೇಳಿದಾಗ ನನ್ನ ಕೈಕಾಲು ತಣ್ಣಗಾಯಿತು.

ತಪ್ಪು ನಮ್ಮದೇ. ಮೊದಲಿನ ತಾಮ್ರದ ತಂತಿಯಲ್ಲಿ ಎಕ್ಸ್‌ಚೇಂಜಿನಿಂದಲೇ 48 ವೋಲ್ಟ್ ವಿದ್ಯುತ್ ಬರುತ್ತಿತ್ತು. ಮನೆಯ ಕರೆಂಟ್ ಹೋದರೂ ಫೋನು ಬದುಕಿರುತ್ತಿತ್ತು. ಫೈಬರ್ ಎಂದರೆ ಗಾಜಿನ ಎಳೆ, ಅದರಲ್ಲಿ ಬರುವುದು ಬೆಳಕು ಮಾತ್ರ. ನಮ್ಮ ಮಾತನ್ನು ಇಂಟರ್ನೆಟ್ಟಿಗೆ ಒಗ್ಗಿಸುವ ಅಡಾಪ್ಟರ್ ಹಳೆಯ ಪೆಟ್ಟಿಗೆಯೊಳಗೇ ಅಡಗಿತ್ತು, ನಮ್ಮ ನಂಬರಿನ ಪಾಸ್‌ವರ್ಡೂ ಅದರಲ್ಲೇ ಇತ್ತು. ಎಸ್.ಪಿ. ರಸ್ತೆಯಿಂದ ತಂದ ಹೊಸದರಲ್ಲಿ ಫೋನಿನ ತೂತೇ ಇರಲಿಲ್ಲ. ಯಜಮಾನರು ಫೋನಿನ ಸಣ್ಣ ಪ್ಲಗ್ಗನ್ನು ಇಂಟರ್ನೆಟ್ ತಂತಿಯ ದೊಡ್ಡ ತೂತಿಗೆ ಸಿಕ್ಕಿಸಿ, "ಕೂತಿತು" ಎಂದಿದ್ದರು! ಕೂರುತ್ತದೆ, ಆದರೆ ಮಾತಾಡುವುದಿಲ್ಲ.

ಲೈನ್‌ಮನ್ ಬಂದು ಹಳೆಯ ಪೆಟ್ಟಿಗೆಯನ್ನೇ ಮತ್ತೆ ಫೈಬರಿಗೆ ಕೂಡಿಸಿದ. ಹೊಸದನ್ನು ಅದರ ಹಿಂದಿಟ್ಟು, ವೈಫೈ ಹಂಚುವ ಕೆಲಸವನ್ನಷ್ಟೇ ಕೊಟ್ಟ. ಅರ್ಧ ಗಂಟೆಯ ಕೆಲಸ.

ನಿಮ್ಮಲ್ಲಿ ಫೋನಿನ ಅಡಾಪ್ಟರ್ ಬೇರೆಯೇ ಇದ್ದರೆ ಕಷ್ಟ ಕಡಿಮೆ. ಮೊದಲು ರೂಟರ್ ಹಾಕಿ, ಇಂಟರ್ನೆಟ್ ಬಂದ ಮೇಲೆ ಅಡಾಪ್ಟರ್ ಆಫ್ ಮಾಡಿ ಆನ್ ಮಾಡಿ. ಅದು ವೈಫೈಯಿಂದ ನಡೆಯುವಂಥದ್ದಾದರೆ ಹೊಸ ಪಾಸ್‌ವರ್ಡ್ ಕೊಡಬೇಕು. ಬೆಲ್ ಆಗಿ, ಒಬ್ಬರ ಮಾತು ಇನ್ನೊಬ್ಬರಿಗೆ ಕೇಳದಿದ್ದರೆ ರೂಟರಿನಲ್ಲಿ 'ಸಿಪ್ ಎ.ಎಲ್.ಜಿ.' ಎಂಬುದನ್ನು ಆಫ್ ಮಾಡಿಸಿ ನೋಡಿ. ಸಹಾಯ ಮಾಡಲೆಂದೇ ಇರುವ ಅದು ಎಷ್ಟೋ ಸಲ ಮಾತನ್ನೇ ಕೆಡಿಸುತ್ತದೆ. (ಇಂಥ ಸಹಾಯಕರು ನಮ್ಮ ನೆಂಟರಲ್ಲೂ ಇದ್ದಾರೆ!)

ಕರೆಂಟ್ ಹೋದಾಗಿನ ಚಿಂತೆ ಇನ್ನೂ ಇತ್ತು. ರೂಟರಿನದೇ ಸಣ್ಣ ಯು.ಪಿ.ಎಸ್. ತಂದೆವು. ಕೊಳ್ಳುವ ಮೊದಲು ಪೆಟ್ಟಿಗೆಯ ಅಡಿಯಲ್ಲಿ ಬರೆದಿರುವ ವೋಲ್ಟ್ ನೋಡಿಕೊಳ್ಳಿ, ನಮ್ಮದು 12 ವೋಲ್ಟಿನದು. ತಂದ ಮೇಲೆ ಮೈನ್ ಸ್ವಿಚ್ ಆರಿಸಿ, ನನ್ನ ಮೊಬೈಲಿನಿಂದ ಅತ್ತೆಗೆ ಫೋನು ಮಾಡಿದೆ. "ಯಾರು?" ಎಂದರು. "ನಾನೇ ಅಮ್ಮಿ, ಅಡಿಗೆಮನೆಯಿಂದ" ಎಂದೆ. ಇಬ್ಬರಿಗೂ ನಗು ಬಂತು.

ಅಂದು ಅಸರ್ ಆದ ಮೇಲೆ ಬೆಲ್ ಹೊಡೆಯಿತು. ಅತ್ತೆ ಬಾಗಿಲು ಅರ್ಧ ಮುಚ್ಚಿಕೊಂಡು ಮುಕ್ಕಾಲು ಗಂಟೆ ಮಾತಾಡಿದರು. ಏನು ಮಾತಾಡಿದರೋ, ನಾನು ಕೇಳಿಸಿಕೊಳ್ಳಲಿಲ್ಲ.