ಬೆವರು ಎಲ್ಲಿ ಹೋಯಿತು?

ಮಕ್ಕಳೇ, ಏಪ್ರಿಲ್ ರಜೆಯಲ್ಲಿ ನಾವು ಐದಾರು ಶಿಕ್ಷಕರು ಧಾರವಾಡದಿಂದ ಹುಬ್ಬಳ್ಳಿಗೆ ಸೈಕಲ್ ತುಳಿಯುತ್ತೇವೆ. ಸುಮಾರು 20 ಕಿ.ಮೀ. ದಾರಿಯಲ್ಲಿ ಕೈಗಳು ಒಣಗಿಯೇ ಇರುತ್ತವೆ. ಉಣಕಲ್ ಕೆರೆಯ ಬಳಿ ಇಳಿದೊಡನೆ ಬೆವರು ದಳದಳ ಸುರಿಯುತ್ತದೆ! ಏಕೆ ಗೊತ್ತೇ? ಸೈಕಲ್ ಓಡುವಾಗ ಎದುರುಗಾಳಿ ಬೆವರನ್ನು ಕೂಡಲೇ ಆವಿಯಾಗಿಸುತ್ತದೆ. 1 ಗ್ರಾಂ ನೀರಿನ ಉಷ್ಣತೆಯನ್ನು 1 ಡಿಗ್ರಿ ಸೆಲ್ಸಿಯಸ್ ಏರಿಸಲು 1 ಕ್ಯಾಲೊರಿ ಸಾಕು. ಅಷ್ಟೇ ಬೆವರು ಆವಿಯಾಗಲು ಸುಮಾರು 580 ಕ್ಯಾಲೊರಿ ಬೇಕು! ಅದನ್ನು ಮೈಯಿಂದಲೇ ಹೀರುತ್ತದೆ. ಮೈ ತಂಪಾಗುತ್ತದೆ, ಆದರೆ ನೀರು ಕಳೆದದ್ದು ತಿಳಿಯುವುದೇ ಇಲ್ಲ. ಅಪಾಯವಿರುವುದು ಅಲ್ಲಿಯೇ. ಆದ್ದರಿಂದ ನವನಗರದಲ್ಲಿ ಎಲ್ಲರೂ ಇಳಿದು ಉಪ್ಪು ಹಾಕಿದ ಮಜ್ಜಿಗೆ ಕುಡಿಯುತ್ತೇವೆ. ಬೆವರಿನೊಡನೆ ಹೋದ ಉಪ್ಪೂ ಮರಳುತ್ತದೆ. ಬಾಗಿ ಬಾಗಿ ಬಿಗಿದ ನನ್ನ ಬೆನ್ನಿಗೂ ಆಗಲೇ ಬಿಡುವು. ಅಂದಹಾಗೆ, ಬೆನ್ನುನೋವಿನ ನಾನೇ ತಂಡದಲ್ಲಿ ಮುಂದೆ. ಯಾರೂ ನನ್ನನ್ನು ದಾಟುವಂತಿಲ್ಲ!