ಒಂದು ಸಾವಿರದ ಮೂರು ಟಿ.ವಿ.ಗಳ ಗೋಪುರ

ದಕ್ಷಿಣ ಕೊರಿಯಾದ ರಾಜಧಾನಿ ಸಿಯೋಲ್‌ನಿಂದ ಮೆಟ್ರೊ ರೈಲಿನಲ್ಲಿ ದಕ್ಷಿಣಕ್ಕೆ ಹೊರಟವರಿಗೆ ನಗರದ ಅಂಚಿನಲ್ಲೇ ಗ್ವಾಚನ್ ಎಂಬ ಊರು ಸಿಗುತ್ತದೆ. ನಿಲ್ದಾಣದ ಹೊರಗೆ ವಿಶಾಲವಾದ ಉದ್ಯಾನ, ಅದರೊಳಗೆ ಮೃಗಾಲಯ. ಮಕ್ಕಳನ್ನು ಕರೆತಂದವರು ಅಲ್ಲಿಯೇ ದಿನ ಕಳೆದುಬಿಟ್ಟರೆ ಆಶ್ಚರ್ಯವಿಲ್ಲ. ಅದನ್ನು ದಾಟಿ ಬೆಟ್ಟದ ಮಡಿಲಿಗೆ ನಡೆದವರಿಗೆ ಮಾತ್ರ 1986ರಲ್ಲಿ ಕಟ್ಟಿದ ರಾಷ್ಟ್ರೀಯ ಕಲಾ ಸಂಗ್ರಹಾಲಯ ಕಾಣಿಸುತ್ತದೆ.

ಒಳಗೆ ದುಂಡನೆಯ ಅಂಗಳದ ನಡುವೆ ಒಂದು ಗೋಪುರ. ಎತ್ತರ ಹದಿನೆಂಟೂವರೆ ಮೀಟರ್. ಬುಡದಲ್ಲಿ ಅಗಲವಾಗಿ, ಮೇಲೇರಿದಂತೆ ಕಿರಿದಾಗುತ್ತ, ಬೌದ್ಧ ಪಗೋಡವನ್ನು ನೆನಪಿಸುವ ಆಕಾರ. ಆದರೆ ಇದಕ್ಕೆ ಕಲ್ಲಿಲ್ಲ, ಗಾರೆಯಿಲ್ಲ, ಪೇರಿಸಿರುವುದೆಲ್ಲ ಟಿ.ವಿ. ಪೆಟ್ಟಿಗೆಗಳು, ಒಟ್ಟು 1,003. ಅಕ್ಟೋಬರ್ 3 ಕೊರಿಯನ್ನರ ನಾಡಹಬ್ಬ. ಆ ತಿಂಗಳು, ಆ ದಿನವೇ ಈ ಸಂಖ್ಯೆಯಲ್ಲಿ ಅಡಗಿವೆ. ಕೃತಿಯ ಹೆಸರು ‘ದಾದಾ-ಇಕ್ಸನ್’, ಅಂದರೆ ಹೆಚ್ಚಾದಷ್ಟೂ ಒಳ್ಳೆಯದು.

1988ರ ಸಿಯೋಲ್ ಒಲಿಂಪಿಕ್ಸ್ ಹೊತ್ತಿಗೆ ಇದನ್ನು ನಿಲ್ಲಿಸಿದವನು ನಾಮ್ ಜೂನ್ ಪೈಕ್. ಸಿಯೋಲ್‌ನಲ್ಲಿ 1932ರಲ್ಲಿ ಹುಟ್ಟಿ, ಯುದ್ಧದ ಕಾಲಕ್ಕೆ ಊರು ಬಿಟ್ಟು, ಜಪಾನ್ ಮತ್ತು ಜರ್ಮನಿಗಳಲ್ಲಿ ಓದಿ, ನ್ಯೂಯಾರ್ಕ್‌ನಲ್ಲಿ ನೆಲೆಸಿದವನು. ಮರಳಿ ತಾಯ್ನಾಡನ್ನು ಕಂಡದ್ದು ಮೂವತ್ತನಾಲ್ಕು ವರ್ಷಗಳ ಮೇಲೆ. 1974ರಲ್ಲಿ ಅವನು ಹಳೆಯದೊಂದು ಬುದ್ಧವಿಗ್ರಹದ ಮುಂದೆ ಟಿ.ವಿ.ಯನ್ನೂ ಕ್ಯಾಮೆರಾವನ್ನೂ ಇಟ್ಟಿದ್ದ. ಬುದ್ಧ ಪರದೆಯಲ್ಲಿ ತನ್ನನ್ನೇ ನೋಡುತ್ತ ಕುಳಿತ. ಅಷ್ಟು ಮೌನವಾದ ಕೃತಿಯನ್ನು ಮಾಡಿದ ಕೈಯೇ ಈ ಗದ್ದಲದ ಗೋಪುರವನ್ನೂ ಕಟ್ಟಿತು. ಇದರ ಪರದೆಗಳಲ್ಲಿ ಸಿಯೋಲ್‌ನ ಹಳೆಯ ಅರಮನೆ, ಕೊರಿಯಾದ ಬೀಸಣಿಗೆ ನೃತ್ಯ, ಗ್ರೀಸಿನ ಪಾರ್ಥೆನಾನ್ ದೇಗುಲ ಒಂದರ ಬೆನ್ನಿಗೊಂದು ಮಿಂಚಿ ಮರೆಯಾಗುತ್ತವೆ.

ಕಲ್ಲಿನ ಗೋಪುರ ಸಾವಿರ ವರ್ಷ ನಿಂತೀತು. ಹಿಂಬದಿ ಉಬ್ಬಿದ, ಗಾಜಿನ ಕೊಳವೆಯ ಹಳೆಯ ಟಿ.ವಿ.ಗೆ ಅಷ್ಟು ಆಯುಸ್ಸಿಲ್ಲ. ಒಳಗೆ ಕಾದ ತಂತಿಯಿಂದ ಚಿಮ್ಮುವ ಇಲೆಕ್ಟ್ರಾನುಗಳು ಪರದೆಗೆ ಬಡಿದು ಬೆಳಕಾಗುತ್ತವೆ. ಬಳಸಿದಷ್ಟೂ ಅದು ಸವೆಯುತ್ತದೆ. 2003ರಲ್ಲಿ ಪೆಟ್ಟಿಗೆಗಳನ್ನು ಬದಲಿಸಿದರು. ಪೈಕ್ 2006ರಲ್ಲಿ ತೀರಿಕೊಂಡ. ಅಂಥ ಟಿ.ವಿ.ಗಳ ತಯಾರಿಕೆಯೂ ನಿಂತುಹೋಯಿತು. 2018ರಲ್ಲಿ, ಅಪಾಯವಾದೀತೆಂದು, ಗೋಪುರವನ್ನೇ ಆರಿಸಬೇಕಾಯಿತು.

ಮುಂದೇನು? ಎಲ್ಲವನ್ನೂ ಕಿತ್ತು ತೆಳುವಾದ ಹೊಸ ಪರದೆ ಜೋಡಿಸುವುದು ಸುಲಭದ ದಾರಿ. ಚಿತ್ರಗಳೇನೋ ಉಳಿಯುತ್ತಿದ್ದವು, ಶಿಲ್ಪ ಉಳಿಯುತ್ತಿರಲಿಲ್ಲ. ಪೆಟ್ಟಿಗೆಯ ಭಾರ, ಗಾಜಿನ ಉಬ್ಬು, ಬೆಳಕಿನ ನಡುಕ ಇವೆಲ್ಲ ಸೇರಿಯೇ ಅಲ್ಲವೆ ಆ ಗೋಪುರ? ಸಂಗ್ರಹಾಲಯದವರು ಕಷ್ಟದ ದಾರಿ ಹಿಡಿದರು. ಬಳಸಿ ಬಿಟ್ಟ ಹಳೆಯ ಟಿ.ವಿ.ಗಳನ್ನೂ ಬಿಡಿಭಾಗಗಳನ್ನೂ ಹುಡುಕಿ ತಂದು 737 ಪೆಟ್ಟಿಗೆಗಳನ್ನು ದುರಸ್ತಿ ಮಾಡಿದರು ಇಲ್ಲವೇ ಬದಲಿಸಿದರು. ತುದಿಯ ಚಿಕ್ಕ ಗಾತ್ರದ 266ಕ್ಕೆ ಮಾತ್ರ ಹೊರರೂಪ ಕೆಡದಂತೆ ಹೊಸ ಪರದೆ ಕೂರಿಸಿದರು. ಪೂರ್ತಿ ಗೆಲುವಲ್ಲ, ಒಪ್ಪಬೇಕಾದ ಮಾತು. ಆದರೂ ಎಲ್ಲಿ ಸೋತೆವೆಂಬುದನ್ನು ಲೆಕ್ಕವಿಟ್ಟು ಹೇಳಿದ ದುರಸ್ತಿ ಇದು.

2022ರ ಸೆಪ್ಟೆಂಬರ್‌ನಲ್ಲಿ ಗೋಪುರ ಮತ್ತೆ ಬೆಳಗಿತು. ಆಯುಸ್ಸು ಕಾಯಲು ವಾರಕ್ಕೆ ನಾಲ್ಕು ದಿನ, ದಿನಕ್ಕೆ ಎರಡೇ ಗಂಟೆ ಎಂಬ ನಿಯಮವನ್ನೂ ಮಾಡಿದರು. ಆ ಹೊತ್ತಿಗೆ ಬಂದವರು ಸುತ್ತಲಿನ ಇಳಿಜಾರು ದಾರಿಯಲ್ಲಿ ಬಳಸಿ ಬಳಸಿ ಮೇಲೇರುತ್ತಾರೆ. ಮಿಕ್ಕ ಹೊತ್ತಿನಲ್ಲಿ ಬಂದವರಿಗೆ ಕಾಣುವುದು ಕಪ್ಪು ಗಾಜಿನ ಮೌನ ಗೋಪುರ.